ಫಿಫ್ತ್‌ವೀಲ್ ಎಳೆಯಲು ಯಾವ ಟ್ರಕ್? ಬಾಗಿಲಿನ ಚೀಟಿ ಓದಿ

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಜಾಹೀರಾತು ಎದ್ದು ಕಾಣುವಂತೆ ಹೇಳುವುದು ಒಂದೇ: ಎಷ್ಟು ಸಾವಿರ ಪೌಂಡ್ ಎಳೆಯುತ್ತದೆ ಎಂದು. ಫಿಫ್ತ್‌ವೀಲ್ ಟ್ರೇಲರ್, ಅಂದರೆ ಪ್ರವಾಸದಲ್ಲಿ ಉಳಿದುಕೊಳ್ಳಲು ಟ್ರಕ್ಕಿಗೆ ಕಟ್ಟಿ ಎಳೆದೊಯ್ಯುವ ದೊಡ್ಡ ಮನೆಗಾಡಿ, ಕೊಳ್ಳುವವರು ಆ ಅಂಕಿಯನ್ನೇ ನಂಬಿ ಕೂರಬಾರದು. ಈ ಟ್ರೇಲರ್ ಬಂಪರಿನ ಹಿಂದೆ ಸಿಕ್ಕಿಕೊಳ್ಳುವುದಿಲ್ಲ. ಅದರ ಮುಂಭಾಗದ ಕೆಳಗಿರುವ ಕಿಂಗ್‌ಪಿನ್ ಎಂಬ ಗೂಟ, ಟ್ರಕ್ಕಿನ ಬೆಡ್‌ನಲ್ಲಿ (ಹಿಂಭಾಗದ ತೆರೆದ ಸಾಮಾನು ತೊಟ್ಟಿಯಲ್ಲಿ) ಇರುವ ಹಿಚ್ ಎಂಬ ಕೊಂಡಿಯ ಮೇಲೆ ಕೂರುತ್ತದೆ. ಟ್ರೇಲರಿನ ಒಟ್ಟು ತೂಕದ ಶೇ 15ರಿಂದ 25ರಷ್ಟನ್ನು ಟ್ರಕ್ ಬೆನ್ನ ಮೇಲೆ ಹೊರಬೇಕು.

ಆದ್ದರಿಂದ ಮೊದಲು ಟ್ರೇಲರ್ ಗೊತ್ತುಮಾಡಿಕೊಳ್ಳಿ, ಟ್ರಕ್ ಆಮೇಲೆ. ಟ್ರೇಲರಿನ ಚೀಟಿಯಲ್ಲಿ ಜಿವಿಡಬ್ಲ್ಯುಆರ್, ಅಂದರೆ ತುಂಬಿದಾಗಿನ ಗರಿಷ್ಠ ತೂಕ ಇರುತ್ತದೆ. ಲೆಕ್ಕಕ್ಕೆ ಅದನ್ನೇ ಹಿಡಿಯಿರಿ. ಬ್ರೋಷರಿನ ಪಿನ್ ತೂಕ, ಅಂದರೆ ಕಿಂಗ್‌ಪಿನ್ ಮೂಲಕ ಟ್ರಕ್ ಮೇಲೆ ಬೀಳುವ ತೂಕ, ಸಾಮಾನ್ಯವಾಗಿ ಖಾಲಿ ಟ್ರೇಲರಿನದು. ನೀರು, ಗ್ಯಾಸ್, ಪಾತ್ರೆ, ಬಟ್ಟೆ ಸೇರಿದ ಮೇಲೆ ಅದು ಉಳಿಯುವುದಿಲ್ಲ.

14,000 ಪೌಂಡಿನ ಟ್ರೇಲರ್ ಎಂದುಕೊಳ್ಳಿ. ಶೇ 20ರಂತೆ ಪಿನ್ ಮೇಲೆ 2,800. ಹಿಚ್‌ಗೆ 150, ನಾಲ್ವರ ಕುಟುಂಬಕ್ಕೆ 600, ಸಾಮಾನು ಸರಂಜಾಮಿಗೆ 150. ಒಟ್ಟು 3,700 ಪೌಂಡ್.

ಈಗ ಟ್ರಕ್ಕಿನ ಚಾಲಕನ ಬಾಗಿಲು ತೆರೆಯಿರಿ. ಅಲ್ಲಿನ ಹಳದಿ ಬಿಳಿ ಚೀಟಿಯಲ್ಲಿ ಜನ ಮತ್ತು ಸಾಮಾನು ಸೇರಿ ಎಷ್ಟು ಹೊರಬಹುದೆಂದು ಸಾಮಾನ್ಯವಾಗಿ ಬರೆದಿರುತ್ತದೆ. ನೀವು ಕೊಳ್ಳುವ ಅದೇ ಗಾಡಿಯ ಅಂಕಿ ಅದು. ಸನ್‌ರೂಫ್, ಚರ್ಮದ ಸೀಟು, ಫೋರ್ ವೀಲ್ ಡ್ರೈವ್ ಎಲ್ಲವೂ ಅದನ್ನು ತಗ್ಗಿಸುತ್ತವೆ. ಫೋರ್ಡ್ ಎಫ್-150ಯಂಥ ಹಾಫ್ ಟನ್ ಟ್ರಕ್‌ಗಳಲ್ಲಿ (ಈ ಟನ್ ಲೆಕ್ಕ ವರ್ಗದ ಹೆಸರಷ್ಟೇ, ಹೊರುವ ಮಿತಿಯಲ್ಲ) ಸಾಮಾನ್ಯವಾಗಿ 2,000 ಪೌಂಡಿನ ಆಸುಪಾಸು ಕಾಣುತ್ತದೆ. ನಮ್ಮ ಲೆಕ್ಕಕ್ಕೆ ಏನೇನೂ ಸಾಲದು. ಎಫ್-250 ಅಥವಾ ರ‍್ಯಾಮ್ 2500 ಡೀಸೆಲ್ ಸಾಕೆಂದು ಹಲವರು ತಿಳಿಯುತ್ತಾರೆ. ಡೀಸೆಲ್ ಎಂಜಿನ್ನೇ ಭಾರವಾದ್ದರಿಂದ ಅಲ್ಲೂ ಹೊರುವ ಶಕ್ತಿ ಕೊರೆಯಾಗಬಹುದು. ಇಂಥ ಟ್ರೇಲರಿಗೆ ಒನ್ ಟನ್ ಟ್ರಕ್ಕೇ, ಅಂದರೆ ಎಫ್-350 ಅಥವಾ ರ‍್ಯಾಮ್ 3500, ಸರಿ ಎಂಬುದು ನನ್ನ ಅಭಿಪ್ರಾಯ. ಟ್ರೇಲರ್ ಇನ್ನೂ ದೊಡ್ಡದಾದರೆ ಹಿಂದೆ ನಾಲ್ಕು ಚಕ್ರವಿರುವ ಡ್ಯುಯಲಿ ನೋಡಿ. ಹಿಂದಿನ ಆಕ್ಸಲ್ ಮತ್ತು ಟೈರಿನ ಮಿತಿಯನ್ನೂ ಓದಿಕೊಳ್ಳಿ.

ಎಳೆಯುವುದಕ್ಕಿಂತ ಇಳಿಜಾರಿನಲ್ಲಿ ತಡೆಯುವುದು ಕಷ್ಟ. ಕೊಲರಾಡೊದ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದ ಬಳಿ 11,000 ಅಡಿ ದಾಟುತ್ತದೆ. ಅಂಥ ಕಡೆ ಡೀಸೆಲ್ ಟ್ರಕ್ಕಿನ ಎಕ್ಸಾಸ್ಟ್ ಬ್ರೇಕ್ (ಹೊಗೆ ಹೊರಹೋಗುವುದನ್ನು ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವ ವ್ಯವಸ್ಥೆ) ಬಹಳ ನೆರವಾಗುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಎತ್ತರ ಏರಿದಂತೆ ಬಸವಳಿಯುತ್ತದೆ.

ಬೆಡ್ 8 ಅಡಿಯದಾದರೆ ಒಳ್ಳೆಯದು. ಗಿಡ್ಡ ಬೆಡ್‌ನಲ್ಲಿ ತಿರುಗಿಸುವಾಗ ಟ್ರೇಲರಿನ ಮೂಲೆ ಕ್ಯಾಬಿನ್ನಿಗೆ ಬಡಿಯಬಹುದು. ಆಗ ತಿರುವಿನಲ್ಲಿ ಹಿಂದಕ್ಕೆ ಜಾರುವ ಹಿಚ್ ಹಾಕಿಸಬೇಕಾಗಬಹುದು.

ಲೈಸೆನ್ಸ್ ನಿಯಮ ರಾಜ್ಯಕ್ಕೊಂದು ಬಗೆ. ಕ್ಯಾಲಿಫೋರ್ನಿಯಾದಲ್ಲಿ 15,000 ಪೌಂಡ್ ಮೀರಿದ ಫಿಫ್ತ್‌ವೀಲ್‌ಗೆ ನಾನ್ ಕಮರ್ಷಿಯಲ್ ಕ್ಲಾಸ್ ಎ (ಬಾಡಿಗೆಗಲ್ಲದ, ಸ್ವಂತ ಬಳಕೆಯ ಭಾರಿ ಗಾಡಿಗಳ) ಲೈಸೆನ್ಸ್ ಬೇಕು. ಮುಂಗಡ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.