ನಿರ್ಬಂಧದ ದಿನಗಳಲ್ಲಿ ಧರ್ಮಕೇಂದ್ರ (ಪ್ಯಾರಿಷ್) ನಡೆಸುವ ಬಗೆ: ಕೊಡಗಿನ ಪಾಲನಾ ಸಮಿತಿಗಳಿಗೆ

ಮೊದಲು ವಾರ್ಡ್ (ಧರ್ಮಕೇಂದ್ರದ ಮನೆಗಳ ಗುಂಪು) ಪಟ್ಟಿ, ಆಮೇಲೆ ಸ್ಯಾನಿಟೈಸರ್. ಕೋವಿಡ್ ಲಾಕ್‌ಡೌನ್‌ನಿಂದ 2020ರ ಮಾರ್ಚ್ 25ಕ್ಕೆ ಚರ್ಚುಗಳ ಬಾಗಿಲು ಮುಚ್ಚಿತು, ಜೂನ್ 8ರಿಂದ ತೆರೆಯಲು ಅನುಮತಿ ಸಿಕ್ಕಿತು, 2021ರ ಏಪ್ರಿಲ್ ಕೊನೆಯಲ್ಲಿ ಭಕ್ತರಿಗೆ ಮತ್ತೆ ಮುಚ್ಚಿತು. ಒಳಗೆ ಎಷ್ಟು ಜನ ಬರಬಹುದು ಎಂಬುದನ್ನು ಸರ್ಕಾರ ಹೇಳುತ್ತದೆ. ಯಾರು ಬರಲಿಲ್ಲ, ಅವರು ಹೇಗಿದ್ದಾರೆ ಎಂಬುದನ್ನು ಧರ್ಮಕೇಂದ್ರವೇ ನೋಡಿಕೊಳ್ಳಬೇಕು. ಉಳಿದ ಕೆಲಸಗಳೆಲ್ಲ ಇದರ ಹಿಂದೆ ಬರುತ್ತವೆ.

ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲೇ ಬರೆಯಿರಿ. ಮೊಬೈಲಿನಲ್ಲಿ ಮಾತ್ರ ಇಟ್ಟರೆ ಕರೆಂಟ್ ಹೋದ ಮೂರನೇ ದಿನ ಪಟ್ಟಿಯೂ ಇಲ್ಲ. ಮನೆಗೊಂದು ಸಾಲು: ಮನೆಯವರ ಹೆಸರು, ಒಂಟಿಯಾಗಿರುವ ಹಿರಿಯರು, ಡಯಾಲಿಸಿಸ್, ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಮಾತ್ರೆ ಬೇಕಾದವರು, ಗರ್ಭಿಣಿಯರು, ಮನೆಯಲ್ಲಿ ಆಡುವ ಭಾಷೆ, ಸ್ಮಾರ್ಟ್‌ಫೋನ್ ಇದೆಯೋ ಬರೀ ಮಾತಾಡುವ ಫೋನೋ, ಸಿಗ್ನಲ್ ಸಿಗುವ ಜಾಗ ಯಾವುದು. ಕೊಡಗಿನ ಒಂದೊಂದು ಧರ್ಮಕೇಂದ್ರದಲ್ಲೂ ಕೊಂಕಣಿ, ಮಲಯಾಳಂ, ತಮಿಳು, ಕನ್ನಡ ಆಡುವ ಮನೆಗಳು ಬೆರೆತಿರುತ್ತವೆ. ಕರೆ ಮಾಡುವವರಿಗೆ ಆ ಮನೆಯ ಭಾಷೆ ಬರಬೇಕು, ಇಲ್ಲದಿದ್ದರೆ "ಚೆನ್ನಾಗಿದ್ದೇವೆ" ಎಂಬ ಒಂದೇ ಮಾತಿಗೆ ಕರೆ ಮುಗಿಯುತ್ತದೆ. ಒಬ್ಬ ಗುರಿಕಾರರಿಗೆ (ವಾರ್ಡಿನ ಮುಖಂಡರು) 20ರಿಂದ 25 ಮನೆ ಸಾಕು. ಪ್ರತಿ ಬುಧವಾರ ಕರೆ, ಗುರುವಾರ ಸಂಜೆ ಫಾದರ್‌ಗೆ ವರದಿ. ಎರಡು ವಾರ ಕರೆಗೆ ಸಿಗದ ಮನೆಗೆ ಯಾರಾದರೂ ಹೋಗಿ, ಅಂಗಳದಲ್ಲೇ ನಿಂತು ಮಾತಾಡಿಸಿ ಬರಬೇಕು.

ಆದೇಶ ಓದುವಾಗ

ಮೂರು ಕಾಗದ ಎದುರಿಗಿರಲಿ: ರಾಜ್ಯ ಸರ್ಕಾರದ ಆದೇಶ, ಜಿಲ್ಲಾಧಿಕಾರಿಯವರ ಆದೇಶ, ಮೈಸೂರು ಧರ್ಮಾಧ್ಯಕ್ಷರ (ಬಿಷಪ್) ಸುತ್ತೋಲೆ. ಮೂರರಲ್ಲಿ ಯಾವುದು ಹೆಚ್ಚು ಬಿಗಿಯೋ ಅದನ್ನೇ ಪಾಲಿಸಿ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಜೂನ್ 4ರಂದು ಪೂಜಾಸ್ಥಳಗಳಿಗೆ ಹೊರಡಿಸಿದ ಸೂಚನೆಯ ತಿರುಳು ಇಷ್ಟಿತ್ತು: ಆರು ಅಡಿ ಅಂತರ, ಮಾಸ್ಕ್, ವಿಗ್ರಹ ಮತ್ತು ಪವಿತ್ರ ಗ್ರಂಥಗಳನ್ನು ಮುಟ್ಟಬಾರದು, ಗಾಯನ ತಂಡ ಬೇಡ, ತೀರ್ಥ ಚಿಮುಕಿಸುವುದು ಬೇಡ, 65 ದಾಟಿದವರು, 10ರೊಳಗಿನ ಮಕ್ಕಳು, ಗರ್ಭಿಣಿಯರು, ಬೇರೆ ಕಾಯಿಲೆಯಿರುವವರು ಮನೆಯಲ್ಲೇ ಇರಬೇಕು. ಭಾನುವಾರದ ಪೂಜೆಯ (ಬಲಿಪೂಜೆ, ಅಂದರೆ ಮಾಸ್) ಕಡ್ಡಾಯದಿಂದ ಧರ್ಮಾಧ್ಯಕ್ಷರು ವಿನಾಯಿತಿ ಕೊಟ್ಟಿದ್ದರೆ ಅದನ್ನು ಹಿರಿಯರಿಗೆ ಬಾಯಿಬಿಟ್ಟು ಹೇಳಿ. ಪೂಜೆ ತಪ್ಪಿಸುವುದು ಪಾಪವೆಂಬ ಅಳುಕಿನಲ್ಲಿ ಜ್ವರವಿದ್ದರೂ ಹೊರಟುಬರುವವರು ಅವರೇ.

ಬೆಂಚಿನ ಲೆಕ್ಕ

ಟೇಪು ಹಿಡಿದು ಅಳೆಯಿರಿ, ಅಂದಾಜು ಬೇಡ. 12 ಅಡಿಯ ಬೆಂಚಿನಲ್ಲಿ ಮೂವರು ಕೂರಬಹುದು ಎಂದು ಕಣ್ಣಿಗೆ ಕಾಣುತ್ತದೆ. ಒಬ್ಬರ ನಡುವಿನಿಂದ ಇನ್ನೊಬ್ಬರ ನಡುವಿಗೆ ಆರು ಅಡಿ ಹಿಡಿದರೆ ತುದಿಗಳಿಂದ ಒಂದೊಂದು ಅಡಿ ಬಿಟ್ಟು ಇಬ್ಬರೇ ಹಿಡಿಸುತ್ತಾರೆ. ಮೂವರಿಗೆ 14 ಅಡಿ ಬೇಕು. ಸಾಲಿನಿಂದ ಸಾಲಿಗೆ ಮೂರು ಅಡಿ ಇದ್ದರೆ ಒಂದು ಬಿಟ್ಟು ಒಂದು ಸಾಲು. ಎರಡೂ ಬದಿ 20 ಸಾಲಿರುವ ಚರ್ಚಿನಲ್ಲಿ ಹೀಗೆ 20 ಬೆಂಚು, 40 ಜನ. ಒಂದೇ ಮನೆಯವರು ಒಟ್ಟಿಗೆ ಕೂರಬಹುದಾದ್ದರಿಂದ ಬೆಂಚಿಗೊಂದು ಮನೆಯಂತೆ ನಾಲ್ವರನ್ನು ಕೂರಿಸಿದರೆ ಅಷ್ಟೇ ಜಾಗದಲ್ಲಿ 80 ಆಗುತ್ತದೆ. ಆದೇಶದ ಮಿತಿ 50 ಆಗಿದ್ದರೆ 50ಕ್ಕೇ ನಿಲ್ಲಿಸಿ. 1792ರಲ್ಲಿ ಸ್ಥಾಪನೆಯಾದ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದಂಥ ದೊಡ್ಡ ಚರ್ಚಿನ ಲೆಕ್ಕ ತೋಟದ ನಡುವಿನ ಚಾಪೆಲ್‌ಗೆ ಹೊಂದದು. ಚಿಕ್ಕ ಚಾಪೆಲ್ಲಿನಲ್ಲಿ ಅಂಗಳವೇ ದೇವಾಲಯವಾಗಲಿ, ಮಳೆಯಿಲ್ಲದ ತಿಂಗಳುಗಳಲ್ಲಿ ಅದಕ್ಕೆ ಅಡ್ಡಿಯಿಲ್ಲ.

ಕೂರಬಾರದ ಬೆಂಚಿಗೆ ಅಂಟುಟೇಪು ಹಚ್ಚಬೇಡಿ. ಹಳೆಯ ಬೀಟೆ, ತೇಗದ ಪಾಲಿಶ್ ಟೇಪಿನ ಜತೆಗೇ ಎದ್ದು ಬರುತ್ತದೆ. ಬಟ್ಟೆಯ ಪಟ್ಟಿ ಕಟ್ಟಿ.

ಟೋಕನ್ ವಾರ್ಡ್‌ವಾರು ಕೊಡಿ, ಮೊದಲು ಬಂದವರಿಗೆ ಮೊದಲು ಎನ್ನಬೇಡಿ. ಹಾಗೆ ಮಾಡಿದರೆ ಚರ್ಚಿನ ಪಕ್ಕದ ಮನೆಯವರಿಗೆ ಪ್ರತಿ ವಾರವೂ ಜಾಗ ಸಿಗುತ್ತದೆ, ಬಸ್ಸಿಲ್ಲದ ಊರಿನವರು ಗೇಟಿನಿಂದ ಹಿಂತಿರುಗುತ್ತಾರೆ. ಪೂಜೆಗಳ ಸಂಖ್ಯೆ ಹೆಚ್ಚಿಸೋಣ ಎನ್ನುವ ಸಮಿತಿಗಳು ಒಂದು ವಿಷಯ ಮರೆಯುತ್ತವೆ: ಅಗತ್ಯವಿದ್ದು ಅನುಮತಿ ಸಿಕ್ಕರೂ ಒಬ್ಬ ಗುರು ಭಾನುವಾರ ಅರ್ಪಿಸಬಹುದಾದದ್ದು ಮೂರೇ ಬಲಿಪೂಜೆ. ಶನಿವಾರ ಸಂಜೆಯ ಪೂಜೆ ಭಾನುವಾರಕ್ಕೆ ಸಲ್ಲುತ್ತದೆ, ಅದನ್ನು ಬಳಸಿಕೊಳ್ಳಿ. ಎರಡು ಪೂಜೆಗಳ ಆರಂಭದ ನಡುವೆ ಒಂದೂವರೆ ಗಂಟೆ ಇರಲಿ: ಪೂಜೆಗೆ 45 ನಿಮಿಷ, ಜನ ಹೊರಡಲು 15, ಗಾಳಿಯಾಡಲು ಮತ್ತು ಒರೆಸಲು 30.

ಮಳೆಗಾಲದಲ್ಲಿ ಕೆಡುವ ಸಂಗತಿಗಳು

ಬಯಲುಸೀಮೆಯ ನಿಯಮ ಪುಸ್ತಕ ಕೊಡಗಿನ ಜೂನ್‌ಗೆ ಬಂದ ಕೂಡಲೇ ಕೈಕೊಡುತ್ತದೆ. ಅಂತರದ ಸಾಲು ಅಂಗಳದಲ್ಲಿ ಚೆನ್ನಾಗಿಯೇ ನಿಂತಿರುತ್ತದೆ, ಮಳೆ ಹೊಡೆದೊಡನೆ ಎಲ್ಲರೂ ಮುಖಮಂಟಪದಲ್ಲಿ ಒತ್ತಾಗಿ ಸೇರುತ್ತಾರೆ. ಗೇಟಿನಿಂದ ಬಾಗಿಲವರೆಗೆ ಟಾರ್ಪಾಲ್ ಎಳೆದು ಕಟ್ಟಿ, ಇಳಿಜಾರು ಒಂದೇ ಕಡೆಗಿರಲಿ. ಒಳಬರಲು ಒಂದು ಬಾಗಿಲು, ಹೊರಹೋಗಲು ಇನ್ನೊಂದು. ಕೊಡೆ ಇಡಲು ಮಂಟಪದ ಹೊರಗೇ ಡ್ರಮ್ಮುಗಳಿರಲಿ. ಕೊಡೆ ಹುಡುಕುವ ಗುಂಪು ತಪ್ಪಬೇಕಾದರೆ ವಾರ್ಡಿಗೊಂದು ಡ್ರಮ್ ಬೇಕು.

ನೆನೆದ ಮಾಸ್ಕ್‌ನಿಂದ ಪ್ರಯೋಜನವಿಲ್ಲ. ಉಸಿರು ಅದರ ಅಂಚಿನಿಂದಲೇ ಓಡಾಡುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಒಣ ಮಾಸ್ಕ್ ತರಲು ಹೇಳಿ, ಬಾಗಿಲಲ್ಲೂ ಒಂದಷ್ಟು ಇಟ್ಟಿರಿ. ಹಣೆಗೆ ಹಿಡಿಯುವ ಥರ್ಮಾಮೀಟರ್ ಚಳಿಮಳೆಯಲ್ಲಿ ನಡೆದು ಬಂದವರ ಜ್ವರವನ್ನು ಕಡಿಮೆ ತೋರಿಸುತ್ತದೆ. ಹಣೆ ಒರೆಸಿಕೊಂಡು ಐದು ನಿಮಿಷ ಸೂರಿನಡಿ ನಿಂತ ಮೇಲೆ ನೋಡಬೇಕು. ಒದ್ದೆ ಕೈಗೆ ಹಾಕಿದ ಸ್ಯಾನಿಟೈಸರ್ ನೀರಾಗಿ ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಮಳೆಯಲ್ಲಿ ಸೋಪು, ನೀರು, ಕಾಗದದ ಟವೆಲ್ ಮೇಲು. ಮೇಣದಬತ್ತಿಯ ಸ್ಟ್ಯಾಂಡಿನ ಹತ್ತಿರ ಸ್ಯಾನಿಟೈಸರ್ ಬಾಟಲಿ ಇಡಲೇಬಾರದು. ಅದರಲ್ಲಿರುವುದು ಮುಕ್ಕಾಲು ಪಾಲು ಆಲ್ಕೋಹಾಲ್.

ಚಳಿಗೆಂದು ಕಿಟಕಿ ಮುಚ್ಚುವುದೇ ದೊಡ್ಡ ತಪ್ಪು. ಕೋವಿಡ್ ಹರಡುವುದು ಮುಖ್ಯವಾಗಿ ಉಸಿರಿನ ಗಾಳಿಯಿಂದ. ಮುಂಗಾರಿನ ಇರಿಚಲು ನೈಋತ್ಯ, ಪಶ್ಚಿಮದಿಂದ ಹೊಡೆಯುತ್ತದೆ. ಆ ಬದಿ ಮುಚ್ಚಿದರೂ ಪೂರ್ವದ ಕಿಟಕಿಗಳು ಮತ್ತು ಹಿಂಬಾಗಿಲು ತೆರೆದೇ ಇರಲಿ. ಸ್ವೆಟರ್ ಹಾಕಿಕೊಂಡು ಬನ್ನಿ ಎಂದು ಹಿಂದಿನ ವಾರವೇ ಪ್ರಕಟಿಸಿ.

ಪರಮಪ್ರಸಾದ

ಪರಮಪ್ರಸಾದ (ಕಮ್ಯುನಿಯನ್) ಹಂಚುವಾಗಲೇ ಹೆಚ್ಚು ಗಮನ ಬೇಕು. ಇದು ನಮ್ಮ ಆರಾಧನೆಯ ಹೃದಯ, ಕೈ, ಬಾಯಿ, ಉಸಿರು ಮೂರೂ ಹತ್ತಿರ ಬರುವ ಗಳಿಗೆಯೂ ಇದೇ. ಬಾಗಿಲಲ್ಲಿ ಎಣಿಸಿದ ಜನರಷ್ಟೇ ಅಪ್ಪಗಳನ್ನು (ಪೂಜೆಯ ರೊಟ್ಟಿ) ಮುಚ್ಚಳವಿರುವ ಪಾತ್ರೆಯಲ್ಲಿ ಹಾಕಿ, ಪೀಠದ ಮೇಲೆ ಗುರುಗಳ ಬಾಯಿಂದ ದೂರ, ಆದರೆ ಬಲಿಪೂಜೆಯ ಬಿಳಿವಸ್ತ್ರದ ಮೇಲೇ ಇಡಿ. ಗುರುಗಳು ತಮ್ಮದನ್ನು ಸ್ವೀಕರಿಸಿದ ಮೇಲೆ ಮಾಸ್ಕ್ ಹಾಕಿ, ಕೈ ಶುಚಿ ಮಾಡಿಕೊಂಡು, "ಕ್ರಿಸ್ತರ ಶರೀರ" ಎಂದು ಎಲ್ಲರಿಗೂ ಸೇರಿಸಿ ಒಮ್ಮೆ ಹೇಳಲಿ, ಎಲ್ಲರೂ ಒಟ್ಟಿಗೆ "ಆಮೆನ್" ಎನ್ನಲಿ. ಹಂಚುವಾಗ ಮಾತಿಲ್ಲ.

ಸ್ವೀಕರಿಸುವವರಿಗೆ ಪೂಜೆಗೆ ಮುಂಚೆಯೇ ತೋರಿಸಿಕೊಡಿ: ಬಲಗೈ ಅಂಗೈಯ ಮೇಲೆ ಎಡಗೈ ಅಂಗೈ ಚಪ್ಪಟೆಯಾಗಿ, ಸಿಕ್ಕಿದ ಮೇಲೆ ಎರಡು ಹೆಜ್ಜೆ ಪಕ್ಕಕ್ಕೆ, ಅಲ್ಲೇ ಮಾಸ್ಕ್ ಇಳಿಸಿ, ಸೇವಿಸಿ, ಮಾಸ್ಕ್ ಏರಿಸಿ. ಬೆಂಚಿಗೆ ಒಯ್ಯುವಂತಿಲ್ಲ. ಇದನ್ನು ನೋಡಿಕೊಳ್ಳಲು ಒಬ್ಬರು ನಿಂತಿರಬೇಕು. ಸ್ಯಾನಿಟೈಸರ್ ಪೂರ್ತಿ ಆರದ ಅಂಗೈಗೆ ಅಪ್ಪ ಅಂಟಿ ಕಣಗಳು ಉಳಿಯುತ್ತವೆ. ಆದ್ದರಿಂದ ಕೈಶುಚಿ ಸಾಲು ಹೊರಡುವಾಗ ಮುಗಿಯಲಿ, ಪೀಠದ ಹತ್ತಿರ ಬೇಡ; ಆರಲು ಅರ್ಧ ನಿಮಿಷ ಹಿಡಿಯುತ್ತದೆ. ಅಪ್ಪ ಕೆಳಗೆ ಬಿದ್ದರೆ ಗುರುಗಳೇ ಎತ್ತಿ, ಬೇರೆ ಚಿಕ್ಕ ಪಾತ್ರೆಯ ನೀರಿನಲ್ಲಿ ಕರಗಲು ಇಟ್ಟು, ಆ ಜಾಗವನ್ನು ನೀರಿನಿಂದ ಒರೆಸಬೇಕು; ಕರಗಿದ ಮೇಲೆ ನೀರು ಶುದ್ಧ ಮಣ್ಣಿಗೆ ಸೇರಲಿ. ಗುರುಗಳ ಬೆರಳು ಯಾರದಾದರೂ ಕೈಗೆ ತಾಗಿದರೆ ನಿಂತು ಶುಚಿ ಮಾಡಿಕೊಂಡೇ ಮುಂದುವರಿಯಬೇಕು.

ತೀರ್ಥದ ಬಟ್ಟಲುಗಳನ್ನು ಬರಿದು ಮಾಡಿ ಮಗುಚಿಡಿ, ಇಲ್ಲವಾದರೆ ಮಳೆನೀರು ನಿಂತು ಸೊಳ್ಳೆ ಮರಿ ಮಾಡುತ್ತದೆ. ಮನೆಗೆ ಒಯ್ಯಲು ಆಶೀರ್ವದಿಸಿದ ನೀರನ್ನು ನಲ್ಲಿಯಿರುವ ಪಾತ್ರೆಯಲ್ಲಿ ಇಡಬಹುದು. ಕಾಣಿಕೆ ತಟ್ಟೆ ಸುತ್ತಿಸದೆ ಹೊರಬಾಗಿಲಲ್ಲಿ ಪೆಟ್ಟಿಗೆ ಇಟ್ಟರೆ ಸಾಕು.

ನೆಲ ಒರೆಸಲು ಶೇ. 30 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆದರೆ 10 ಲೀಟರ್ ನೀರಿಗೆ ಸುಮಾರು 300 ಗ್ರಾಂ, ಅಂದರೆ ಶೇ. 1ರ ದ್ರಾವಣ. ಮೊದಲು ಸೋಪಿನ ನೀರಿನಲ್ಲಿ ಕೊಳೆ ತೆಗೆದು, ಆಮೇಲೆ ಇದನ್ನು ಹಾಕಿ 10 ನಿಮಿಷ ಬಿಡಿ. ಕೆಸರಿದ್ದಲ್ಲಿ ಕ್ಲೋರಿನ್ ಕೆಲಸ ಮಾಡದು. ಚೀಲ ಬಿಚ್ಚಿಟ್ಟರೆ ನಮ್ಮ ತೇವಕ್ಕೆ ಪುಡಿ ಗಂಟುಕಟ್ಟಿ ವಾಸನೆ ಕಳೆದುಕೊಳ್ಳುತ್ತದೆ, ಅಂಥದ್ದನ್ನು ಬಳಸಬೇಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಜತೆ ಬೆರೆತರೆ ವಿಷಾನಿಲ ಏಳುತ್ತದೆ. ಹಿತ್ತಾಳೆ ದೀಪಸ್ತಂಭ, ಪೂಜಾಪಾತ್ರೆ, ಬೆಂಚುಗಳಿಗೆ ಬ್ಲೀಚಿಂಗ್ ತಾಕಿಸಬೇಡಿ. ಸೋಪಿನ ಬಟ್ಟೆ ಸಾಕು.

ಉಳಿದ ಸಂಸ್ಕಾರಗಳು, ಪವಿತ್ರ ವಾರ

ಪಾಪನಿವೇದನೆಗೆ ಮುಚ್ಚಿದ ಪೆಟ್ಟಿಗೆ ಬೇಡ. ಜಗಲಿಯೂ ಮಳೆಗಾಲದಲ್ಲಿ ಬೇಡ, ತಗಡಿನ ಮೇಲೆ ಮಳೆ ಬೀಳುವಾಗ ಜನ ಗಟ್ಟಿಯಾಗಿ ಹೇಳಬೇಕಾಗುತ್ತದೆ, ಗುಟ್ಟು ಉಳಿಯದು. ಪೂಜಾವಸ್ತ್ರಗಳ ಕೋಣೆಯ ಕಿಟಕಿ ತೆರೆದು ಎರಡು ಕುರ್ಚಿಗಳನ್ನು ಓರೆಯಾಗಿ ಹಾಕಿ. ಫೋನಿನಲ್ಲಿ ಪಾಪಕ್ಷಮೆ ಕೊಡಲು ಬರುವುದಿಲ್ಲ. ಗುರುಗಳನ್ನು ಕಾಣಲಾಗದ ರೋಗಿಗೆ, ದೇವರ ಮೇಲಿನ ಪ್ರೀತಿಯಿಂದ ಪೂರ್ಣ ಪಶ್ಚಾತ್ತಾಪಪಟ್ಟು ಸಾಧ್ಯವಾದೊಡನೆ ಪಾಪನಿವೇದನೆ ಮಾಡುವ ದೃಢಸಂಕಲ್ಪವಿದ್ದರೆ ಘೋರಪಾಪಕ್ಕೂ ಕ್ಷಮೆ ಸಿಗುತ್ತದೆ ಎಂದು 2020ರ ಮಾರ್ಚ್ 20ರಂದು ರೋಮ್ ನೆನಪಿಸಿತು. ಆಸ್ಪತ್ರೆಯಲ್ಲಿರುವವರ ಮನೆಯವರಿಗೆ ಇದನ್ನು ತಿಳಿಸಿ, ಅವರು ಬಹಳ ನೊಂದಿರುತ್ತಾರೆ.

ದೀಕ್ಷಾಸ್ನಾನದಲ್ಲಿ ಪ್ರತಿ ಮಗುವಿಗೂ ಹೊಸ ನೀರು. ತೈಲ ಹಚ್ಚಲು ಒಬ್ಬರಿಗೊಂದು ಹತ್ತಿ, ಆಮೇಲೆ ಅದನ್ನು ಸುಡಬೇಕು.

ಪವಿತ್ರ ವಾರಕ್ಕೆ 2020ರ ಮಾರ್ಚ್ 25ರ ವ್ಯಾಟಿಕನ್ ಆದೇಶ ಒಳ್ಳೆಯ ಮಾದರಿ: ಗರಿಗಳ ಭಾನುವಾರ ಮೆರವಣಿಗೆ ಇಲ್ಲದ ಸರಳ ವಿಧಿ, ಗುರುವಾರ ಪಾದ ತೊಳೆಯುವುದಿಲ್ಲ, ಶುಭ ಶುಕ್ರವಾರ ಶಿಲುಬೆಗೆ ಮುತ್ತಿಡುವುದು ಗುರುಗಳು ಮಾತ್ರ, ಈಸ್ಟರ್ ಜಾಗರಣೆಯಲ್ಲಿ ಬೆಂಕಿ ಹೊತ್ತಿಸದೆ ಪಾಸ್ಕದ ದೀಪವನ್ನಷ್ಟೇ ಹಚ್ಚುವುದು. ವಿಭೂತಿ ಬುಧವಾರದ ಮಾತನ್ನು ಎಲ್ಲರಿಗೂ ಒಮ್ಮೆ ಹೇಳಿ, ತಲೆಯ ಮೇಲೆ ಮೌನವಾಗಿ ಬೂದಿ ಉದುರಿಸಬೇಕೆಂಬುದು 2021ರ ಸೂಚನೆ.

ಮನೆಗಳಿಗೆ ಪೂಜೆ ತಲುಪಿಸುವುದು

ನೇರಪ್ರಸಾರದಲ್ಲಿ ಚಿತ್ರಕ್ಕಿಂತ ದನಿ ಮುಖ್ಯ. ಕಾಲರ್ ಮೈಕ್ ಒಂದಿದ್ದರೆ ಅರ್ಧ ಸಮಸ್ಯೆ ಮುಗಿಯಿತು. ಫೋನನ್ನು ಅಡ್ಡವಾಗಿ ಸ್ಟ್ಯಾಂಡಿಗೆ ಸಿಕ್ಕಿಸಿ, ಬೆಳಕಿನ ಕಿಟಕಿ ಕ್ಯಾಮರಾದ ಹಿಂದಿರಲಿ. ರೆಕಾರ್ಡ್ ಮಾಡಿದ ಭಕ್ತಿಗೀತೆ ಹಾಕಿದರೆ ಹಕ್ಕಿನ ಕಾರಣಕ್ಕೆ ಪ್ರಸಾರದ ದನಿ ಕಡಿತವಾಗಬಹುದು. ದೂರದಲ್ಲಿ ನಿಂತು ಒಬ್ಬರೇ ಹಾಡಲಿ.

ಆದರೆ ಜುಲೈಯಲ್ಲಿ ಮರ ಬಿದ್ದು ಲೈನು ಹೋದರೆ ಯಾವ ಪ್ರಸಾರವೂ ಇಲ್ಲ. ಹಾಗಾಗಿ ಓದು, ಪ್ರಬೋಧನೆ, ಪ್ರಾರ್ಥನೆಗಳನ್ನು ಅರ್ಧ ಗಂಟೆಯ ಆಡಿಯೋ ಮಾಡಿ ಶನಿವಾರವೇ ಕಳಿಸಿ. 32 ಕೆಬಿಪಿಎಸ್ ಮೋನೊ ಆದರೆ ಕಡತ ಸುಮಾರು 7 ಎಂಬಿ, ದುರ್ಬಲ ಸಿಗ್ನಲ್ಲಿನಲ್ಲೂ ಇಳಿಯುತ್ತದೆ. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗಷ್ಟೇ ಜಾಗ, ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. "ಕಳಿಸಿದ್ದೆವಲ್ಲ" ಎನ್ನುವ ಮೊದಲು ಇದನ್ನು ಪರೀಕ್ಷಿಸಿ. ಫೋನಿಲ್ಲದ ಮನೆಗೆ ಅವರ ಭಾಷೆಯಲ್ಲೇ ಒಂದು ಹಾಳೆ: ಆ ವಾರದ ಶುಭಸಂದೇಶ, ವಿಶ್ವಾಸಿಗಳ ಪ್ರಾರ್ಥನೆ, ಆತ್ಮಿಕವಾಗಿ ಪರಮಪ್ರಸಾದ ಸ್ವೀಕರಿಸುವ ಜಪ. ಹಾಲು ಡೈರಿ, ಪಡಿತರ ಅಂಗಡಿಗೆ ಹೇಗಿದ್ದರೂ ಜನ ಬರುತ್ತಾರೆ, ಅಲ್ಲಿ ಹಂಚಬಹುದು.

ಲೈನ್ ಮನೆಗಳು

ಸಿದ್ದಾಪುರ, ಪಾಲಿಬೆಟ್ಟ, ಸುಂಟಿಕೊಪ್ಪದ ಸುತ್ತಿನ ತೋಟಗಳ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳು) ಒಂದೇ ಕೋಣೆಯಲ್ಲಿ ಐದಾರು ಜನ ಮಲಗುತ್ತಾರೆ. ಅಲ್ಲಿ ಸೋಂಕಿತರನ್ನು ಪ್ರತ್ಯೇಕ ಇರಿಸಿ ಎನ್ನುವುದು ಬರೀ ಮಾತು. ಚರ್ಚಿನ ಹಾಲ್ ಅಥವಾ ಧರ್ಮೋಪದೇಶದ ಕೋಣೆಗಳನ್ನು ಕೊಡಲು ಸಮಿತಿ ಮುಂಚೆಯೇ ತೀರ್ಮಾನಿಸಿ, ಆರೋಗ್ಯ ಇಲಾಖೆಗೆ ಬರೆದುಕೊಡಲಿ. ಇಲಾಖೆಯ ಒಪ್ಪಿಗೆಯಿಲ್ಲದೆ ರೋಗಿಗಳನ್ನು ಇರಿಸಿಕೊಳ್ಳಬಾರದು. ತೋಟಕ್ಕೆ ಹೋಗುವ ಮುನ್ನ ರೈಟರ್ (ತೋಟದ ಗುಮಾಸ್ತ) ಅಥವಾ ಮೇಸ್ತ್ರಿಗೆ ಹೇಳಿ, ಆಶಾ ಕಾರ್ಯಕರ್ತೆಯ ಜತೆ ಹೋಗಿ. ನಾಲ್ವರ ಮನೆಗೆ ವಾರಕ್ಕೆ 10 ಕಿಲೋ ಅಕ್ಕಿ, 1 ಕಿಲೋ ಬೇಳೆ, ಅರ್ಧ ಲೀಟರ್ ಎಣ್ಣೆ, ಉಪ್ಪು, ಖಾರದ ಪುಡಿ, ಚಹಾ ಪುಡಿ, ಸಕ್ಕರೆ, ಸೋಪು. ಅಸ್ಸಾಮಿನಿಂದ ಬಂದ ಕುಟುಂಬ ಪಕ್ಕದ ಬಾಗಿಲಲ್ಲಿದ್ದರೆ ಅವರಿಗೂ ಅಷ್ಟೇ. ಯಾವ ಕ್ರೈಸ್ತ ಸಭೆ, ಯಾವ ಧರ್ಮ ಎಂದು ಕೇಳಬೇಡಿ. ತೆಗೆದುಕೊಳ್ಳುವವರ ಫೋಟೊ ತೆಗೆಯಬೇಡಿ, ಗುಂಪಿಗೆ ಹಾಕಲೇಬೇಡಿ.

ಸಾವು ಬಂದಾಗ

ಕೋವಿಡ್‌ನಿಂದ ತೀರಿಕೊಂಡವರನ್ನು ಹೂಳಲು ಆರೋಗ್ಯ ಸಚಿವಾಲಯದ 2020ರ ಮಾರ್ಗಸೂಚಿಯಲ್ಲಿ ಅಡ್ಡಿಯಿರಲಿಲ್ಲ. ದೇಹ ಮುಟ್ಟದೆ ಮಾಡುವ ಪ್ರಾರ್ಥನೆ, ತೀರ್ಥ ಚಿಮುಕಿಸುವುದಕ್ಕೂ ಅವಕಾಶವಿತ್ತು. ಆಸ್ಪತ್ರೆಯ ಸಿಬ್ಬಂದಿ ಶವಚೀಲದ ಜಿಪ್ ಸರಿಸಿ ಮುಖ ತೋರಿಸಬಹುದಿತ್ತು. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಕೊನೆಯ ಮುಖ ನೋಡದೆ ಉಳಿದರು. ಜಾರಿಯಲ್ಲಿರುವ ಆದೇಶದಲ್ಲಿ ಈ ಮೂರನ್ನು ಹುಡುಕಿ, ಮನೆಯವರ ಪರವಾಗಿ ಸಮಿತಿಯೇ ಆಸ್ಪತ್ರೆಯಲ್ಲಿ ಕೇಳಲಿ. ಮಳೆಗಾಲದಲ್ಲಿ ಮುಂಚಿತವಾಗಿ ತೋಡಿದ ಗುಂಡಿಗೆ ನೀರು ತುಂಬಿ ಬದಿ ಕುಸಿಯುತ್ತದೆ. ಆಂಬುಲೆನ್ಸ್ ಹೊರಟ ಸುದ್ದಿ ಬಂದ ಮೇಲೆ ತೋಡಿ, ಮೇಲೆ ಟಾರ್ಪಾಲ್, ಪಕ್ಕದಲ್ಲಿ ಪಂಪು ಇರಲಿ. ನಾಲ್ವರು ಯುವಕರಿಗೆ ಪಿಪಿಇ ಹಾಕುವುದಕ್ಕಿಂತ ಬಿಚ್ಚುವುದನ್ನು ಹೆಚ್ಚು ಅಭ್ಯಾಸ ಮಾಡಿಸಿ, ಸೋಂಕು ತಗಲುವುದು ಬಿಚ್ಚುವಾಗಲೇ. ಬರಲಾಗದ ನೆಂಟರಿಗೆ ಫೋನಿನಲ್ಲಿ ತೋರಿಸುವ ಕೆಲಸ ಒಬ್ಬರಿಗೆ ವಹಿಸಿ, ಮನೆಯವರ ಒಪ್ಪಿಗೆ ಪಡೆದೇ.

ಆ ಮನೆಗೆ ಒಂಬತ್ತು ದಿನ ಸಂಜೆ ಜಪಸರ ಫೋನಿನಲ್ಲೇ ನಡೆಯಲಿ, ದಿನಕ್ಕೊಂದು ಮನೆಯವರು ಮುನ್ನಡೆಸಲಿ. ನಿರ್ಬಂಧ ಸಡಿಲಿಸಿದ ಮೊದಲ ತಿಂಗಳಲ್ಲಿ ಅವರ ಹೆಸರಿನಲ್ಲಿ ಬಲಿಪೂಜೆ ಇಟ್ಟು, ಅಂದು ಅಂತ್ಯಕ್ರಿಯೆಗೆ ಬರಲಾಗದ ಬಂಧುಗಳಿಗೆ ಮುಂದಿನ ಬೆಂಚುಗಳ ಟೋಕನ್ ಕೊಡಿ.