ಹಳೆ ಗಾಲ್ಫ್ ಗಾಡಿ ಎಳೆಯುತ್ತಿಲ್ವಾ? ಬ್ಯಾಟರಿಗಿಂತ ಮೊದಲು ಕೇಬಲ್ ನೋಡಿ

ಹಳೆ ಬ್ಯಾಟರಿ ಗಾಲ್ಫ್ ಗಾಡಿ ತಂದು ತೋಟದಲ್ಲೋ ಕ್ಯಾಂಪಸ್‌ನಲ್ಲೋ ಓಡಿಸುವ ಆಸೆ ದಾವಣಗೆರೆ ಕಡೆಯೂ ಕೆಲವರಿಗೆ ಇದೆ. ಒಳ್ಳೆಯ ಆಸೆ. ಆದರೆ ಗಾಡಿ ಎಳೆಯುತ್ತಿಲ್ಲ ಅಂದ ಕೂಡಲೇ ಆರು ಹೊಸ ಬ್ಯಾಟರಿ ಕೂರಿಸಿ ದುಡ್ಡು ಸುರಿಯುತ್ತಾರೆ, ತುಕ್ಕು ಹಿಡಿದ ಹಳೆ ವೈರು ಮಾತ್ರ ಹಾಗೇ ಇರುತ್ತದೆ. ಇನ್ನು ಕೆಲವರು ಮನೆಯಲ್ಲಿ ಬಿದ್ದಿರುವ ಬೋರ್‌ವೆಲ್ ಕೇಬಲ್ ಕತ್ತರಿಸಿ ಹಾಕುತ್ತಾರೆ. ಅದು ಬೇಡವೇ ಬೇಡ. 5 ಎಚ್‌ಪಿ ಬೋರ್ ಮೋಟರ್ ಮೂರು ಫೇಸ್‌ನಲ್ಲಿ ಎಳೆಯುವುದು ಸುಮಾರು 10 ಆಂಪಿಯರ್. ಈ ಗಾಡಿ ಬರೀ 36 ವೋಲ್ಟ್‌ನಲ್ಲಿ ಓಡುವುದರಿಂದ ಏರು ಹತ್ತುವಾಗ 100 ಆಂಪಿಯರ್ ದಾಟುತ್ತದೆ. ತೆಳು ವೈರು ಕಾದು ಕರಗುತ್ತದೆ.

ಬಿಚ್ಚುವ ಮೊದಲು ಪ್ರತಿ ವೈರಿನ ಫೋಟೋ ತೆಗೆದು, ಚೀಟಿ ಅಂಟಿಸಿ. ಉಂಗುರ, ಕಡಗ, ವಾಚು ತೆಗೆದಿಡಿ. ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಯಾಕಂದ್ರೆ ಅದು ಎರಡು ಟರ್ಮಿನಲ್‌ಗೆ ಒಟ್ಟಿಗೆ ತಗುಲಿದರೆ ಅಲ್ಲೇ ವೆಲ್ಡ್ ಆಗುತ್ತದೆ. ಬ್ಯಾಟರಿ ಟ್ರೇ ಮೇಲಿನ ಆಸಿಡ್ ಪುಡಿಯನ್ನು ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ಬಣ್ಣ ಹೊಡೆಯಿರಿ. ಮೋಟರಿನ ಕಾರ್ಬನ್ ಬ್ರಷ್ ಸವೆದಿದ್ದರೆ ವೈಂಡಿಂಗ್ ಅಂಗಡಿಯವರು ನೋಡಿಕೊಳ್ಳುತ್ತಾರೆ.

ಈಗ ಅಸಲು ಕೆಲಸ, ಕೇಬಲ್. ಕನಿಷ್ಠ 25 ಚದರ ಮಿ.ಮೀ. ತಾಮ್ರದ, ಸಣ್ಣ ಎಳೆಗಳ ಮೆತ್ತನೆ ಕೇಬಲ್ ತನ್ನಿ. ನನ್ನ ಕೇಳಿದರೆ 35 ಹಾಕಿ. ವೆಲ್ಡಿಂಗ್ ಕೇಬಲ್ ಚೆನ್ನಾಗಿ ಬಾಗುತ್ತದೆ, ಆದರೆ ಅದರಲ್ಲಿ ಅಲ್ಯೂಮಿನಿಯಂ ಕೂಡ ಬರುತ್ತದೆ. ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ ಇನ್ನೂ ಮೋಸ. ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಸುಮ್ನೆ ವಾಪಸ್ ಕೊಡಿ, ರೇಟು ಎಷ್ಟೇ ಕಡಿಮೆ ಇರಲಿ.

ಕೇಬಲ್ ತುದಿಗೆ ಕೂರಿಸಿ ಬೋಲ್ಟಿಗೆ ಸಿಕ್ಕಿಸುವ ಲೋಹದ ತುಂಡೇ ಲಗ್. ಅದನ್ನು ಒತ್ತುವಲ್ಲೇ ಜಾಸ್ತಿ ಜನ ಕೆಡಿಸುವುದು. ಸುತ್ತಿಗೆಯಲ್ಲಿ ಬಡಿಯುತ್ತಾರೆ, ಇಲ್ಲವೇ ಸೀಸ ಕರಗಿಸಿ ಸುರಿಯುತ್ತಾರೆ. ಬಡಿದ ಲಗ್‌ನಲ್ಲಿ ಎಳೆಗಳ ನಡುವೆ ಗಾಳಿ ಉಳಿಯುತ್ತದೆ, ಅಲ್ಲಿ ಆಸಿಡ್ ಹಬೆ ಸೇರಿ ಹಸಿರು ಕಿಲುಬು ಹಿಡಿಯುತ್ತದೆ. ಸೀಸ ಹಾಕಿದರೆ ಲಗ್ ಪಕ್ಕದ ಎಳೆಗಳು ಕಡ್ಡಿಯಂತೆ ಗಟ್ಟಿಯಾಗಿ, ಗಾಡಿ ಕುಲುಕಿದಾಗ ಅಲ್ಲೇ ಮುರಿಯುತ್ತವೆ. ಪ್ಯಾನೆಲ್ ಬೋರ್ಡ್ ಮಾಡುವವರ ಹತ್ತಿರ ಲಗ್ ಬಿಗಿಯಾಗಿ ಒತ್ತುವ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇರುತ್ತದೆ. ಕೇಬಲ್ ಅಳತೆಯದೇ ಲಗ್, ಟೂಲಿಗೆ ಅದೇ ಅಳತೆಯ ಡೈ, ಅಂದರೆ ಒತ್ತುವ ಅಚ್ಚು. ಎಳೆಗಳು ಲಗ್‌ನ ತುದಿವರೆಗೆ ಹೋಗಬೇಕು. ಒತ್ತಿದ ಮೇಲೆ ಬಲವಾಗಿ ಎಳೆದು ನೋಡಿ, ಅಲುಗಿದರೆ ಕತ್ತರಿಸಿ ಮತ್ತೆ ಮಾಡಿ. ಮೇಲೆ ಬಿಸಿ ಮಾಡಿದರೆ ಕುಗ್ಗಿ ಅಂಟುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಟೇಪ್ ಸಾಲದು, ನಮ್ಮ ಬೇಸಿಗೆಗೆ ಅದರ ಅಂಟು ಬಿಡುತ್ತದೆ.

6 ವೋಲ್ಟಿನ ಆರು ಬ್ಯಾಟರಿಗಳಿಗೆ ಐದು ತುಂಡು ಕೇಬಲ್. ಒಂದರ ಪ್ಲಸ್ ಮುಂದಿನದರ ಮೈನಸ್‌ಗೆ. ಕೊನೆಗೆ ಒಂದು ಪ್ಲಸ್, ಒಂದು ಮೈನಸ್ ಉಳಿಯಬೇಕು. ಅವನ್ನು ಗಾಡಿಗೆ ಜೋಡಿಸುವ ಮೊದಲು ಮೀಟರ್ ಇಡಿ. ಪೂರ್ತಿ ಚಾರ್ಜ್ ಆಗಿದ್ದರೆ 38 ಆಸುಪಾಸು ತೋರಿಸಬೇಕು. 12 ವೋಲ್ಟ್‌ಗಿಂತ ಜಾಸ್ತಿ ಇಳಿದು 25ರ ಆಸುಪಾಸು ಬಂದರೆ ಒಂದು ಬ್ಯಾಟರಿ ಉಲ್ಟಾ ಕೂತಿದೆ ಅಂತಲೇ ಲೆಕ್ಕ, ಹಾಗೇ ಗಾಡಿಗೆ ಜೋಡಿಸಬೇಡಿ. ಪ್ಲಸ್ ಲೈನಿನಲ್ಲಿ ಫ್ಯೂಸ್ ಹಾಕಿ. ಮೋಟರ್ ಕರೆಂಟನ್ನು ಆನ್-ಆಫ್ ಮಾಡುವ ದೊಡ್ಡ ಸ್ವಿಚ್ಚೇ ಸೊಲೆನಾಯ್ಡ್, ಅದರ ದೊಡ್ಡ ಬೋಲ್ಟುಗಳ ನಡುವೆ ಚಿಕ್ಕ ರೆಸಿಸ್ಟರ್ ಇದ್ದರೆ ಬೇಡದ ವಸ್ತು ಅಂತ ಬಿಸಾಡಬೇಡಿ. ವೇಗ ಹಿಡಿತದಲ್ಲಿಡುವ ಕಂಟ್ರೋಲರ್ ಒಳಗಿನ ಕೆಪಾಸಿಟರ್ ಮೆಲ್ಲಗೆ ತುಂಬುವುದು ಅದರಿಂದಲೇ. ತೆಗೆದರೆ ಪ್ರತಿ ಸಲ ಕಿಡಿ ಹಾರಿ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ.

ಮೊದಲ ಸಲ ಹಿಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು ನೋಡಿ. ಪೆಡಲ್ ಮೆಲ್ಲಗೆ ಒತ್ತಿ, ಪೂರ್ತಿ ಬೇಡ. ಹಳೆ ಗಾಡಿಗಳ ಸೀರೀಸ್ ಮೋಟರ್ ಭಾರವಿಲ್ಲದೆ ಅತಿವೇಗಕ್ಕೆ ಹೋಗಿ ಒಡೆಯಬಹುದು.

ಚಾರ್ಜಿಂಗ್ ಗಾಳಿ ಆಡುವ ಜಾಗದಲ್ಲಿ, ಬೆಂಕಿಯಿಂದ ದೂರ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ನಮ್ಮ ಬೋರ್ ನೀರಿನ ಉಪ್ಪು ಪ್ಲೇಟುಗಳನ್ನು ತಿನ್ನುತ್ತದೆ. ಒಂದು ಸುತ್ತು ಓಡಿಸಿ ಬಂದು ಗಾಡಿ ಆಫ್ ಮಾಡಿ, ಕೀ ತೆಗೆದು, ಪ್ರತಿ ಲಗ್‌ನ ಸ್ಲೀವ್ ಮೇಲೆ ಕೈ ಇಟ್ಟು ನೋಡಿ. ಉಳಿದವಕ್ಕಿಂತ ಯಾವುದು ಬಿಸಿಯಾಗಿದೆಯೋ ಅದರ ನಟ್ ಮೊದಲು ಬಿಗಿ ಮಾಡಿ. ಆಮೇಲೂ ಬಿಸಿಯಾದರೆ ಆ ತುಂಡನ್ನೇ ಬದಲಿಸಿ.