ದೇವರಿಗಾಗಿ ಮನಸ್ಸು ಹಂಬಲಿಸಿದಾಗ ಏನು ಮಾಡಬೇಕು

“ಟೀಚರ್, ಪೂಜೆಗೆ ಹೋಗ್ತೀನಿ, ಜಪಸರ ತಪ್ಪಿಸಲ್ಲ. ಆದ್ರೂ ಒಳಗೆ ಏನೋ ಖಾಲಿ ಖಾಲಿ. ನನ್ನ ವಿಶ್ವಾಸ ಕಮ್ಮಿ ಆಯ್ತಾ?”

ತೀರ್ಥಹಳ್ಳಿ ಕಡೆಯ ನಮ್ಮ ಚರ್ಚಿಗೆ ಧರ್ಮೋಪದೇಶದ ಮಕ್ಕಳನ್ನು ಬಿಡಲು ಬರುವ ತಾಯಂದಿರು ನನ್ನನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆ ಇದು. ನಾನು ಹೇಳುವುದು ಒಂದೇ. ಕಮ್ಮಿ ಆಗಿಲ್ಲಮ್ಮ. ದೇವರು ಬೇಕು ಅಂತ ಒಳಗೆ ಕೂಗುತ್ತಿದೆ, ಅಷ್ಟೇ. ಅದನ್ನು ಸುಮ್ಮನಾಗಿಸಲು ಅವಸರ ಮಾಡಬೇಡಿ.

ಹಿಪ್ಪೋ ನಗರದ ಬಿಷಪ್ ಆಗಿದ್ದ ಸಂತ ಅಗಸ್ಟೀನ್ (354–430) ಬೈಬಲ್ಲಿನ ಒಂದು ಕೀರ್ತನೆಯನ್ನು ಜನರಿಗೆ ವಿವರಿಸುವಾಗ, ನಿನ್ನ ಹಂಬಲವೇ ನಿನ್ನ ಪ್ರಾರ್ಥನೆ ಎಂದರು. ಹಂಬಲ ನಿಲ್ಲದಿದ್ದರೆ ಪ್ರಾರ್ಥನೆಯೂ ನಿಂತಿಲ್ಲ ಎಂದರು. ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದಾದರೂ ಅಡಿಕೆ ಸುಲಿಯುತ್ತಾ ಕೂರುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇನ್ನೇನು ಬೇಕು? ಕೈ ಕೆಲಸದಲ್ಲಿದ್ದರೂ ಪ್ರಾರ್ಥನೆ ನಡೆಯುತ್ತಿರಬಹುದು.

ಮೊದಲು ಈ ಹಂಬಲವನ್ನು ಗುರುತಿಸಲು ಕಲಿಯಿರಿ. ಅದು ಚರ್ಚಿನಲ್ಲೇ ಬರಬೇಕೆಂದಿಲ್ಲ. ಪಾತ್ರೆ ತೊಳೆದಿಟ್ಟ ಮೇಲೆ ಬರುತ್ತದೆ. ಮಳೆಗೆ ಕರೆಂಟ್ ಹೋದಾಗ ಬರುತ್ತದೆ. ರಜೆಗೆ ಬಂದ ಮಗ ಬೆಂಗಳೂರಿನ ಬಸ್ ಹತ್ತಿದ ಮೇಲೆ ಬರುತ್ತದೆ. ಮಗನ ನೆನಪು ಅಂದುಕೊಳ್ಳುತ್ತೇವೆ, ನಿಜವೇ. ಆದರೆ ಮಗ ಮನೆಯಲ್ಲೇ ಇದ್ದಾಗಲೂ ತುಂಬದ ಒಂದು ಜಾಗ ಉಳಿದಿರುತ್ತದೆ, ಅಲ್ವಾ? ಆ ಹೊತ್ತಿನಲ್ಲಿ ಕೈ ಮೊಬೈಲ್ ಕಡೆ ಹೋಗುತ್ತದೆ. ಬೇಡ, ಸ್ವಲ್ಪ ತಡೆಯಿರಿ. ಇದ್ದಲ್ಲೇ ಕೂತು “ಪ್ರಭುವೇ, ನೀವು ಬೇಕು” ಎನ್ನಿ. ಅಷ್ಟು ಸಾಕು. ಉದ್ದದ ಪ್ರಾರ್ಥನೆಯನ್ನು ಅದರ ಮೇಲೆ ಹೇರಬೇಡಿ.

ಮಾತು ಬೇಕು ಅನ್ನಿಸಿದರೆ ಕೀರ್ತನೆಗಳಿಗೆ ಹೋಗಿ. ನಾನು ಎಲ್ಲರಿಗೂ ಮೊದಲು ಹೇಳುವುದು 42ನೆಯ ಕೀರ್ತನೆ. ಬಾಯಾರಿದ ಜಿಂಕೆ ತೊರೆಯ ನೀರಿಗೆ ಹಂಬಲಿಸುವ ಕೀರ್ತನೆ ಅದು. ಆದರೆ ಮೊದಲ ಸಾಲಿಗೇ ನಿಲ್ಲಬೇಡಿ. ಹಾಡುವವನು ದೇವಾಲಯದಿಂದ ದೂರ, ಯೊರ್ದನಿನ ಆಚೆ ಹೆರ್ಮೋನ್ ಬೆಟ್ಟದ ಸೀಮೆಯಲ್ಲಿದ್ದಾನೆ. ಹಬ್ಬದ ಗುಂಪಿನ ಜೊತೆ ಹಾಡುತ್ತಾ ಹೋಗುತ್ತಿದ್ದದ್ದು ನೆನಪಾಗಿ ಅಳುತ್ತಾನೆ. ನಿನ್ನ ದೇವರು ಎಲ್ಲಿ ಅಂತ ಜನ ಹಂಗಿಸುತ್ತಾರೆ. ನೀರು ಧುಮುಕುವ ಸದ್ದಿನಲ್ಲಿ ಆಳವು ಆಳವನ್ನು ಕರೆಯುತ್ತದೆ ಎನ್ನುತ್ತಾನೆ. ಮಳೆಗಾಲದಲ್ಲಿ ಜೋಗದ ಎದುರು ನಿಂತವರಿಗೆ ಆ ಸಾಲನ್ನು ಯಾರೂ ವಿವರಿಸಬೇಕಿಲ್ಲ. ಕೊನೆಗೆ ತನ್ನ ಮನಸ್ಸನ್ನೇ ಕೇಳಿಕೊಳ್ಳುತ್ತಾನೆ: ಯಾಕೆ ಕುಗ್ಗಿದ್ದೀಯ? ದೇವರನ್ನು ನಿರೀಕ್ಷಿಸು. ಈ ಮಾತು 42ರಲ್ಲಿ ಎರಡು ಸಲ, 43ರಲ್ಲಿ ಒಂದು ಸಲ ಬರುತ್ತದೆ. ಒಂದು ಸಲ ಹೇಳಿದರೆ ಮನಸ್ಸು ಕೇಳುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಹಾಗಾಗಿ ಜೋರಾಗಿ ಓದಿ, ನಿಧಾನವಾಗಿ ಓದಿ, ಎರಡನ್ನೂ ಒಟ್ಟಿಗೆ ಓದಿ.

ಬೆಳಗ್ಗೆಗೆ 63 ಚೆನ್ನ. ಸಿಟ್ಟು ಬಂದಿದ್ದರೆ 13 ಓದಿ. ‘ಎಲ್ಲಿಯವರೆಗೆ ಪ್ರಭು’ ಎಂದು ದೇವರನ್ನೇ ಕೇಳುವ ಧೈರ್ಯ ಅದರಲ್ಲಿದೆ. ರಾತ್ರಿಗೆ 130. ಕಾವಲುಗಾರರು ಬೆಳಗಿಗಾಗಿ ಕಾಯುವುದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸು ಪ್ರಭುವಿಗಾಗಿ ಕಾಯುತ್ತದೆ ಎಂಬ ಕೀರ್ತನೆ ಅದು. ಕಾಡುಹಂದಿ ಓಡಿಸಲು ಗದ್ದೆಯ ಮಾಳದಲ್ಲಿ ರಾತ್ರಿ ಕಳೆದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರನ್ನು ಕೇಳಿ ನೋಡಿ. ಕಾವಲಿನವನು ಬೆಳಕನ್ನು ತರಲಾರ, ಆದರೆ ಬೆಳಕು ಬಂದೇ ಬರುತ್ತದೆ ಅಂತ ಅವನಿಗೆ ಅನುಮಾನವಿಲ್ಲ. ಎಚ್ಚರವಾಗಿರುವುದಷ್ಟೇ ಅವನ ಕೆಲಸ. ದೇವರಿಗಾಗಿ ಕಾಯುವುದೂ ಹೀಗೆಯೇ.

ಒಳಭಾಗದ ಊರುಗಳಲ್ಲಿ ಇರುವವರದು ಇನ್ನೊಂದು ಕಷ್ಟ. ಗುರುಗಳು ಎಲ್ಲ ಭಾನುವಾರವೂ ಬರಲಾಗುವುದಿಲ್ಲ. ಆಷಾಢದ ಮಳೆಯಲ್ಲಿ ಹಳ್ಳ ತುಂಬಿದರೆ ನಾವೂ ಹೋಗಲಾಗುವುದಿಲ್ಲ. ಆಗ ಪೂಜೆಯ ಹೊತ್ತಿಗೆ ಮನೆಯವರೆಲ್ಲ ಕೂತು ಆ ದಿನದ ಶುಭಸಂದೇಶ ಓದಿ. ಪ್ರಭುವೇ, ಈಗ ಪರಮಪ್ರಸಾದವಾಗಿ (ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಯಾಗಿ) ನಿಮ್ಮನ್ನು ಸ್ವೀಕರಿಸಲು ಆಗುತ್ತಿಲ್ಲ, ನನ್ನ ಹೃದಯಕ್ಕಾದರೂ ಬನ್ನಿ ಎಂದು ಕೇಳಿಕೊಳ್ಳಿ. ಸ್ಪೇನಿನ ಸನ್ಯಾಸಿನಿ ಆವಿಲದ ಸಂತ ತೆರೇಸಾ ತನ್ನ ಮಠದ ಸಹೋದರಿಯರಿಗೆ ಇದನ್ನೇ ಕಲಿಸಿದ್ದಳು. ಇದು ಪೂಜೆಗೆ ಬದಲಿ ಅಲ್ಲ. ಆದರೆ ಮುಂದಿನ ಪೂಜೆಗೆ ಹಸಿದು ಹೋಗುವಂತೆ ಮಾಡುತ್ತದೆ. ಆಸ್ಪತ್ರೆ, ಕೋರ್ಟು ಅಂತ ಶಿವಮೊಗ್ಗಕ್ಕೆ ಹೋದಾಗ ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯಕ್ಕೂ ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ. ಏನೂ ಕೇಳಬೇಕಿಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯ. ಹಂಬಲವೇ ಬತ್ತಿಹೋದಂತೆ ಆಗುವ ಕಾಲ ಬರುತ್ತದೆ. ಕೀರ್ತನೆ ಬರೀ ಅಕ್ಷರವಾಗಿ ಕಾಣುತ್ತದೆ. ಇದು ಸೋಮಾರಿತನವೋ ಬೇರೇನೋ ಎಂದು ತಿಳಿಯಲು ಸ್ಪೇನಿನ ಸನ್ಯಾಸಿ ಶಿಲುಬೆಯ ಸಂತ ಯೊವಾನ್ನ ಮೂರು ಗುರುತು ಹೇಳಿದ್ದಾನೆ. ದೇವರ ವಿಷಯದಲ್ಲಿ ರುಚಿ ಇಲ್ಲ, ಆದರೆ ಲೋಕದ ಬೇರೆ ಯಾವುದರಲ್ಲೂ ರುಚಿ ಇಲ್ಲ. ದೇವರ ಸೇವೆ ಸರಿಯಾಗಿ ಮಾಡುತ್ತಿಲ್ಲವಲ್ಲ ಎಂಬ ಚಿಂತೆ ಬಿಡುವುದಿಲ್ಲ. ಮೊದಲಿನ ಹಾಗೆ ಧ್ಯಾನ ಮಾಡಲು ಎಷ್ಟು ಪ್ರಯತ್ನಿಸಿದರೂ ಆಗುವುದಿಲ್ಲ. ಎರಡನೆಯದನ್ನು ಗಮನಿಸಿ. ಸೋಮಾರಿಗೆ ಆ ಚಿಂತೆ ಇರುವುದಿಲ್ಲ. ನೋವಾಗುತ್ತಿದೆ ಅಂದರೆ ಹಂಬಲ ಬದುಕಿದೆ ಅಂತಲೇ ಅರ್ಥ. ಈ ಯೊವಾನ್ನ ಸುಮ್ನೆ ಹೇಳಿದವನಲ್ಲ. 1577ರ ಡಿಸೆಂಬರಿನಿಂದ ಮುಂದಿನ ಆಗಸ್ಟಿನವರೆಗೆ ತನ್ನದೇ ಸಭೆಯ ಸನ್ಯಾಸಿಗಳ ಸೆರೆಯಲ್ಲಿ, ಟೊಲೆಡೊ ನಗರದ ಒಂದು ಚಿಕ್ಕ ಕೋಣೆಯಲ್ಲಿ ಇದ್ದವನು. ಮದರ್ ತೆರೇಸಾ ಕೂಡ ಎಷ್ಟೋ ದಶಕ ಒಳಗೆ ಕತ್ತಲೆ ಹೊತ್ತುಕೊಂಡೇ ಬಡವರ ಸೇವೆ ಮಾಡಿದರು ಎಂದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು.

ಆ ಕಾಲದಲ್ಲಿ ಪ್ರಾರ್ಥನೆಯ ಹೊತ್ತನ್ನು ಕಡಿಮೆ ಮಾಡಬೇಡಿ, ಜಾಸ್ತಿಯೂ ಮಾಡಬೇಡಿ. ಹೊಸ ಹೊಸ ನವೇನ (ಒಂಬತ್ತು ದಿನದ ಪ್ರಾರ್ಥನೆ) ಹುಡುಕಿ ಓಡಬೇಡಿ. ದೇವರ ಮುಂದೆ ಪ್ರೀತಿಯಿಂದ ಸುಮ್ಮನೆ ಇರಿ. ಕತ್ತಲಲ್ಲೇ ಮುಗಿಯುವ 88ನೆಯ ಕೀರ್ತನೆ ಓದಿ. ಅಂಥ ಪ್ರಾರ್ಥನೆಯೂ ಬೈಬಲ್ಲಿನಲ್ಲಿದೆ. ಆದರೆ ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಗುರುಗಳಿಗೂ ತಿಳಿಸಿ. ಔಷಧಿ ತೆಗೆದುಕೊಂಡರೆ ವಿಶ್ವಾಸ ಕಡಿಮೆ ಎಂದಾಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು ನನಗೆ.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಉಪವಾಸ ಈ ಹಂಬಲಕ್ಕೆ ಒಳ್ಳೆಯ ಜೊತೆ. ಶುಗರ್ ಇರುವವರು, ಬಸುರಿಯರು ಊಟ ಬಿಡುವುದು ಬೇಡ. ಟಿವಿ ಧಾರಾವಾಹಿ ಬಿಡಬಹುದು.

ನಿಮ್ಮ ಹಂಬಲ ಸರಿಯಾದ ದಾರಿಯಲ್ಲಿದೆಯಾ ಎಂದು ನೋಡಲು ಮನೆಯೊಳಗೆ ನೋಡಿ. ಕಣ್ಣಿಗೆ ಕಾಣುವ ಸೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ ಎಂದು ಬೈಬಲ್ಲಿನ ಯೊವಾನ್ನನ ಮೊದಲ ಪತ್ರ ಹೇಳುತ್ತದೆ. ಪ್ರಾರ್ಥನೆಯ ಹೊತ್ತಿನಲ್ಲಿ ಅತ್ತೆ ನೀರು ಕೇಳಿದರೆ ಎದ್ದು ಹೋಗಿ ಕೊಡಿ. ದೇವರು ಅಲ್ಲಿಗೂ ಬರುತ್ತಾರೆ.

ಅತ್ತೆಗೆ ಓದಲು ಬರದಿದ್ದರೆ, ಕಣ್ಣು ಮಂಜಾಗಿದ್ದರೆ, 42ನೆಯ ಕೀರ್ತನೆಯನ್ನು ನಿಮ್ಮ ದನಿಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಡಿ. ಅದನ್ನು ಹಾಕುವುದು ಹೇಗೆಂದು ಮೊಮ್ಮಕ್ಕಳು ತೋರಿಸಿಕೊಡಲಿ.